ಒಂದು ಪರ್ಲೇದು, ಮೂರು ಸಾಲು

ನಮ್ಮ ಚಿಕ್ಕಮ್ಮ ಏನ್ ಕೆಲಸ ಮಾಡ್ತಾಳೆ ಅಂತ ನಮ್ಮ ಮನೇಲಿ ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ದಾವಣಗೆರೆಲಿ ಅಜ್ಜಿ ಕಂಡೋರಿಗೆಲ್ಲ "ನಮ್ಮ ಸಣ್ಣೋಳು ಡಿಸೈನರ್" ಅಂತ ಹೇಳ್ಕೊಂಡು ಬಂದಿದ್ರಿಂದ, ಚಿಕ್ಕಮ್ಮ ಹಬ್ಬಕ್ಕೆ ಊರಿಗೆ ಹೋದ್ರೆ ಸಾಕು, ಅರ್ಧ ಬೀದಿ ಹೆಂಗಸ್ರು ಬ್ಲೌಸ್ ಪೀಸ್ ಹಿಡ್ಕೊಂಡು ಬಾಗ್ಲಲ್ಲಿ ನಿಂತಿರೋರು. ಬ್ಯಾಂಕ್ ಆಫೀಸರ್ ಆಗಿರೋ ನಮ್ಮಪ್ಪನ ಪ್ರಕಾರ ಪ್ರಪಂಚದಲ್ಲಿ ಇರೋದು ಎರಡೇ ಕೆಲಸ, ಒಂದು ಬ್ಯಾಂಕಿಂದು, ಇನ್ನೊಂದು "ಕಂಪ್ಯೂಟರ್ ಕಡೇದು". ಅಮ್ಮ ಮಾತ್ರ ಒಂದು ಸಲ ಅಕ್ಕಿ ಆರಿಸ್ತಾ ಹೇಳಿದ್ಲು, "ಜನ ಫೋನ್ ಒತ್ತೋದನ್ನ ಇವ್ಳು ಕೂತು ನೋಡ್ತಾಳಂತೆ, ಅದಕ್ಕೆ ಸಂಬಳ." ಎಲ್ರೂ ನಕ್ವಿ. ಕೊನೆಗೆ ನೋಡಿದ್ರೆ ಅಮ್ಮ ಹೇಳಿದ್ದೇ ಸರಿ.

ಇನ್ನು ನನ್ನ ಬಗ್ಗೆ ಎರಡು ಮಾತು. ಏಳು ವರ್ಷದೋಳಿದ್ದಾಗ ಅಪ್ಪಂಗೆ ವಿಜಯವಾಡಕ್ಕೆ ಟ್ರಾನ್ಸ್‌ಫರ್ ಆಯ್ತು. ಮೂರು ವರ್ಷ ಅಂತ ಬಂದೋರು ಒಂಬತ್ತು ವರ್ಷದಿಂದ ಇಲ್ಲಿನ ಪಟಮಟ ಬಡಾವಣೇಲೇ ಇದೀವಿ. ಕನ್ನಡ ನನಗೆ ಮನೇಲಿ ಹಾಕ್ಕೊಳ್ಳೋ ನೈಟಿ ಇದ್ದಂಗೆ, ಬಾಗ್ಲು ದಾಟಿದ್ರೆ ತೆಲುಗು. ಕನ್ನಡ ಓದೋವಾಗ ಒತ್ತಕ್ಷರ ಬಂದ್ರೆ ನನಗೆ ರೋಡ್ ಹಂಪ್ ಬಂದಂಗೆ. ಇದನ್ನ ಬರೆಯೋಕೆ ಅಮ್ಮನ ಹತ್ರ ನೂರಿಪ್ಪತ್ತು ಸಲ ಕಾಗುಣಿತ ಕೇಳಿದೀನಿ. ನೂರಿಪ್ಪತ್ತು ಅಂದ್ರೆ ಇಪ್ಪತ್ತು ಅಂತ ತಿಳ್ಕೊಳ್ಳಿ. ನನ್ನ ಬಾಯಿಗೆ ಇಲಿ ಹೋದ್ರೆ ಹುಲಿ ಆಗಿ ಆಚೆ ಬರುತ್ತೆ ಅಂತ ಅಮ್ಮ ಬೈತಿರ್ತಾಳೆ. ನಾನು ಅದನ್ನ ಹೊಗಳಿಕೆ ಅಂತ ಜಮಾ ಮಾಡ್ಕೊತೀನಿ. ಸ್ಕೂಲಲ್ಲಿ ನನ್ನ ಸುತ್ತ ಯಾವಾಗ್ಲೂ ಐದಾರು ಜನ ಇರ್ತಿದ್ದಿದ್ದು ನನ್ನ ಮುಖ ನೋಡೋಕಂತೂ ಅಲ್ಲ.

ಹತ್ತನೇ ಕ್ಲಾಸ್ ಪರೀಕ್ಷೆ ಮುಗ್ದು ಮನೇಲಿ ಬಿದ್ಕೊಂಡಿದ್ದೆ. ಮೇ ತಿಂಗಳ ವಿಜಯವಾಡ. ಬಾಲ್ಕನಿ ಕಂಬಿ ಮೇಲೆ ದೋಸೆ ಹುಯ್ಬಹುದಿತ್ತು, ಹುಯ್ದೂ ನೋಡ್ದೆ, ಅಮ್ಮ ಹೊಡೆದ್ಲು. ಆಗ ವಿಶಾಖಪಟ್ಟಣದಿಂದ ಚಿಕ್ಕಮ್ಮನ ಫೋನ್ ಬಂತು. ಅವಳಿಗೆ ಒಬ್ಬ ದುಭಾಷಿ ಬೇಕಾಗಿತ್ತು.

ವಿಷಯ ಏನಂದ್ರೆ, ಅವಳ ಕಂಪನಿ ಮಂಗಳಗಿರಿ ನೇಕಾರರಿಗೆ ಒಂದು ವೆಬ್ ಪೇಜ್ ಮಾಡ್ತಿತ್ತು. ದೂರದೂರಿಂದ ಯಾರಾದ್ರೂ ಸೀರೆ ಹೇಳಿದ್ರೆ, ಮಗ್ಗದ ಮೇಲೆ ಆ ಸೀರೆ ಎಲ್ಲಿವರೆಗೆ ಬಂತು ಅಂತ ನೇಯೋರು ಫೋನಲ್ಲಿ ಫೋಟೋ ತೆಗ್ದು ಕಳಿಸೋದು, ಹೇಳಿದೋರು ಮನೇಲಿ ಕೂತು ನೋಡೋದು. ಒಂದು ತಿಂಗಳ ಹಿಂದೆ ತೆಲುಗು ಬರೋ ಸಹೋದ್ಯೋಗಿ ಜೊತೆ ಹೋಗಿ ಮೂರು ಮನೆಗೆ ಇದನ್ನ ಕಲಿಸಿ ಬಂದಿದ್ಲು. ಈಗ ಹೆಂಗೆ ನಡೀತಿದೆ ಅಂತ ಕೇಳೋ ಹೊತ್ತಿಗೆ ಆ ಸಹೋದ್ಯೋಗಿ ಕೆಲಸ ಬಿಟ್ಟಿದ್ರು. ಚಿಕ್ಕಮ್ಮನ ತೆಲುಗು ಅಂದ್ರೆ ತರಕಾರಿ ಮತ್ತು ಆಟೋ, ಅಷ್ಟೇ. ಆಫೀಸಲ್ಲಿ ಎಲ್ಲ ಇಂಗ್ಲಿಷ್.

ನಾನು ಕೇಳೋಕೆ ಮುಂಚೇನೇ ಒಪ್ಕೊಂಡೆ.

ಚಿಕ್ಕಮ್ಮ ಬಂದ ಸಂಜೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಪೇಜ್ ತೋರಿಸಿದ್ಲು. ತೆಲುಗು ಅಕ್ಷರ ಕನ್ನಡ ಅಕ್ಷರದ ಅಣ್ಣತಮ್ಮನೇ, ನಮ್ಮದು ತಲೆ ಮೇಲೆ ಗೆರೆ ಎಳ್ಕೊಂಡು ಕೂತಿದ್ರೆ ಅವರದು ಪ್ರತಿಯೊಂದರ ತಲೆ ಮೇಲೂ ಟೀಚರ್ ಹಾಕೋ ರೈಟ್ ಮಾರ್ಕ್ ಇಟ್ಕೊಂಡಿರುತ್ತೆ. ಅಪ್ಪ ಒಂಬತ್ತು ವರ್ಷದಿಂದ ಅದನ್ನ ಓದ್ತಾರೆ, ಅರ್ಥ ಮಾತ್ರ ಕನ್ನಡದ್ದೇ ಹಾಕ್ಕೊತಾರೆ. ಪೇಜಿನ ಕೊನೇಲಿ ದೊಡ್ಡ ಹಸಿರು ಬಟನ್ ಮೇಲೆ "ಪಂಪು" ಅಂತಿತ್ತು. ಅಪ್ಪ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, ಮಗ್ಗಕ್ಕೆ ಪಂಪ್ ಯಾಕಮ್ಮ, ಬೋರ್‌ವೆಲ್ ಏನಾದ್ರೂ ಇದೆಯಾ ಅಂದ್ರು. ಪಂಪು ಅಂದ್ರೆ ತೆಲುಗಲ್ಲಿ ಕಳಿಸು ಅಂತ. ನಾನು ಚಾಪೆ ಮೇಲೆ ಉರುಳಾಡಿ ನಕ್ಕೆ. ಚಿಕ್ಕಮ್ಮ ನಗ್ಲಿಲ್ಲ. ಪುಸ್ತಕ ತೆಗ್ದು, "ಭಾವ ಬಟನ್ ನೋಡಿ ಹನ್ನೊಂದು ಸೆಕೆಂಡ್ ಸುಮ್ನಿದ್ರು" ಅಂತ ಬರ್ಕೊಂಡ್ಲು.

ಅವಳು ಹಾಗೇ. ಅದು ಎಲ್ಲಿಂದ ಶುರು ಆಯ್ತು ಅಂತ ಅವತ್ತೇ ಕೇಳ್ದೆ. ಓದು ಮುಗಿಸಿದ ಹೊಸದ್ರಲ್ಲಿ ದಾವಣಗೆರೆಲೇ ವೆಬ್‌ಸೈಟ್ ಮಾಡಿಕೊಡ್ತಿದ್ಲಂತೆ. ಒಂದು ಕಲ್ಯಾಣ ಮಂಟಪದೋರು, ನೀನು ಮಾಡಿರೋದು ಕೆಟ್ಟೋಗಿದೆ, ಯಾರೂ ಅದ್ರಲ್ಲಿ ಬುಕ್ ಮಾಡ್ತಿಲ್ಲ ಅಂತ ಗಲಾಟೆ ಮಾಡಿದ್ರು. ಮೂರು ದಿನ ಕೋಡ್ ಹುಡುಕಿದ್ಲು, ಒಂದು ತಪ್ಪೂ ಇಲ್ಲ. ತಲೆ ಕೆಟ್ಟು, ಹೋಗಿ ಮಂಟಪದ ಆಫೀಸಲ್ಲಿ ಕೂತ್ಲು. ಮಗಳ ಮದುವೆಗೆ ಬಂದ ಒಬ್ಬರು ಫೋನ್ ತೆಗ್ದು ಪೇಜ್ ನೋಡಿದ್ರು, ಅದು ಮೊದ್ಲು "ದಿನಾಂಕ" ಕೇಳ್ತು, ಅವರು ಫೋನ್ ಜೇಬಿಗೆ ಹಾಕ್ಕೊಂಡ್ರು. ದಿನಾಂಕ ಅವರ ಹತ್ರ ಎಲ್ಲಿತ್ತು? ಮಂಟಪ ಯಾವಾಗ ಖಾಲಿ ಅಂತ ತಿಳ್ಕೊಂಡು ಆಮೇಲೆ ಪುರೋಹಿತರ ಹತ್ರ ಹೋಗೋರು ಅವರು. ಚಿಕ್ಕಮ್ಮ ಮನೆಗೆ ಬಂದು, ಖಾಲಿ ದಿನಗಳು ಮೊದ್ಲು ಕಾಣೋ ಹಾಗೆ ತಿರುಗಿಸಿ ಬರೆದ್ಲು.

"ಅವತ್ತಿಂದ ಗೊತ್ತಾಯ್ತು ಕಣೇ," ಅಂದ್ಲು, "ನೋಡೋಳೂ ನಾನೇ ಆಗಿದ್ರೆ, ಬರೆಯೋಳೂ ನಾನೇ ಆಗಿದ್ರೆ, ಮಧ್ಯದಲ್ಲಿ ಏನೂ ಸೋರಿ ಹೋಗಲ್ಲ."

ಆದ್ರೆ ವಿಶಾಖಪಟ್ಟಣದ ಆಫೀಸಿನ ದೊಡ್ಡ ಸಾರ್‌ಗೆ ಇದು ಹಿಡಿಸ್ತಿರ್ಲಿಲ್ಲ. ಎರಡು ದೋಣಿ ಮೇಲೆ ಕಾಲಿಡಬೇಡ, ಒಂದೋ ಜನರ ಹತ್ರ ಹೋಗಿ ಕೇಳು, ಇಲ್ಲಾ ಕೂತು ಕೋಡ್ ಬರಿ ಅಂತ ಎರಡು ಸಲ ಹೇಳಿದ್ರಂತೆ. ಈ ನೇಕಾರರ ಕೆಲಸ ಮಾತ್ರ ಪೂರ್ತಿ ಅವಳೊಬ್ಬಳಿಗೇ ಬಿಟ್ಟಿದ್ರು. ಕೇಳಿದ್ದೂ ಮಾಡಿದ್ದೂ ಸರಿ ಕೂತ್ರೆ ಎರಡೂ ಅವಳದ್ದು. ಇಲ್ದಿದ್ರೆ ಒಂದನ್ನ ಬಿಡ್ಬೇಕು. ಯಾವುದನ್ನ ಅಂತ ಸಾರ್ ಆರಿಸ್ತಾರೆ. ಮುಂದಿನ ಶುಕ್ರವಾರ ಎಲ್ರ ಮುಂದೆ ತೋರಿಸ್ಬೇಕಿತ್ತು.

ಬೆಳಿಗ್ಗೆ ಬಸ್ ಹತ್ತೋ ಮುಂಚೆ ನನಗೆ ನಿಯಮ ಹೇಳಿದ್ಲು. ಅವರು ಹೇಳಿದ್ದನ್ನ ಮಾತ್ರ ಹೇಳ್ಬೇಕು. ಅವರು ತಡವರಿಸಿದ್ರೆ ಬಟನ್ ತೋರಿಸಿ ಸಹಾಯ ಮಾಡ್ಬಾರ್ದು. ಮುಖ್ಯವಾದ್ದು, ಅವರು ಉತ್ತರ ಕೊಟ್ಟ ಮೇಲೆ ಸುಮ್ನೆ ಮನಸ್ಸಲ್ಲಿ ಹತ್ತರವರೆಗೆ ಎಣಿಸ್ಬೇಕು.

"ಯಾಕೆ?"

"ಮೊದ್ಲು ಹೇಳೋದು ಮರ್ಯಾದೆಗೆ. ನಿಜ ಬರೋದು ಏಳು ಎಂಟು ಆದ್ಮೇಲೆ."

ಹತ್ತು ಎಣಿಸೋವರೆಗೆ ಸುಮ್ನಿರೋದು. ನನಗೆ. ಮೀನಿಗೆ ಸೈಕಲ್ ತುಳಿ ಅಂದಂಗಿತ್ತು.

ಮಂಗಳಗಿರಿಲಿ ನಾವು ಹೋದ ಮೊದಲನೇ ಮನೆ ನನಗೆ ಈಗ್ಲೂ ಕಣ್ಣಿಗೆ ಕಟ್ಟಿದೆ. ಉದ್ದಕ್ಕೆ ರೈಲು ಡಬ್ಬಿ ಥರ ಮನೆ, ಮುಂದಿನ ರೂಮ್ ಪೂರ್ತಿ ಮಗ್ಗ. ನೆಲದಲ್ಲಿ ಗುಂಡಿ ತೋಡಿರ್ತಾರೆ, ನೇಯೋರು ಅದ್ರೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತ್ಕೋತಾರೆ, ಕೆಳಗೆ ಕಾಲಲ್ಲಿ ಹಲಗೆ ತುಳೀತಾರೆ, ಮೇಲೆ ಕೈಯಲ್ಲಿ ಹಗ್ಗ ಎಳೀತಾರೆ. ಲಾಳಿ ಆ ಕಡೆಯಿಂದ ಈ ಕಡೆಗೆ ಟಕ್ ಅಂತ ಓಡುತ್ತೆ. ಬಾಗ್ಲಿಂದ ನೋಡಿದ್ರೆ ಮನುಷ್ಯರನ್ನ ಅರ್ಧಕ್ಕೆ ಕತ್ತರಿಸಿ ನೆಲದ ಮೇಲೆ ಇಟ್ಟಂಗೆ ಕಾಣುತ್ತೆ. ಅಲ್ಲಿ ಕೂತಿದ್ದೋರು ನಮ್ಮ ಅಜ್ಜಿಗಿಂತ ಸ್ವಲ್ಪ ಸಣ್ಣೋರು. ನಾನು ಪೆದ್ದಮ್ಮ ಅಂತ ಕರೆದೆ, ಅಂದ್ರೆ ದೊಡ್ಡಮ್ಮ. ಆ ಒಂದು ಕರೆಗೇ ಮಜ್ಜಿಗೆ ಬಂತು.

ಚಿಕ್ಕಮ್ಮ ನೆಲದ ಮೇಲೆ ಕೂತು, ಪೆದ್ದಮ್ಮಂಗೆ ತೊಂದ್ರೆ ಇಲ್ವಾ ಅಂತ ನನ್ನ ಕೈಲಿ ಕೇಳಿಸಿ ಮಾತು ರೆಕಾರ್ಡ್ ಮಾಡೋಕೆ ಫೋನ್ ಇಟ್ಲು. ಈ ಪೇಜ್ ನಿಮಗೆ ಹೆಂಗನ್ಸುತ್ತೆ ಅಂತ ಕೇಳು ಅಂದ್ಲು. ಕೇಳ್ದೆ. ಪೆದ್ದಮ್ಮ ದಾರ ನೋಡ್ತಾನೇ, "ಪರ್ಲೇದಮ್ಮಾ" ಅಂದ್ರು.

ಅಷ್ಟೇ. ಒಂದೇ ಪದ. ಚಿಕ್ಕಮ್ಮ ಪೆನ್ ಹಿಡ್ಕೊಂಡು ನನ್ನ ಮುಖಾನೇ ನೋಡ್ತಿದಾಳೆ. ಅಷ್ಟು ಆಸೆ ಇಟ್ಕೊಂಡು ಯಾರೂ ನನ್ನ ಬಾಯಿ ನೋಡಿರ್ಲಿಲ್ಲ. ಇಂಥ ಹೊತ್ತಲ್ಲಿ ಒಂದು ಪದ ಬಡಿಸೋಕೆ ನನಗೆ ಮನಸ್ಸಾಗ್ಲಿಲ್ಲ. ಒಗ್ಗರಣೆ ಹಾಕ್ದೆ.

"ತುಂಬಾ ಚೆನ್ನಾಗಿದೆಯಂತೆ ಚಿಕ್ಕಮ್ಮ. ಇದು ಬಂದ್ಮೇಲೆ ಮಗ್ಗನೇ ಹಗುರ ಆದಂಗಿದೆಯಂತೆ. ಸೀರೆ ಹೇಳಿದೋರು ಪಕ್ಕದಲ್ಲೇ ಕೂತು ನೋಡ್ತಿದಾರೆ ಅನ್ಸುತ್ತಂತೆ."

ಚಿಕ್ಕಮ್ಮ ಬರ್ಕೊಳ್ತಾ ತಲೆ ಎತ್ತಿದ್ಲು. "ಅವರು ಒಂದೇ ಪದ ಅಂದಂಗಿತ್ತಲ್ಲೇ?"

"ತೆಲುಗು ಹಾಗೇ ಚಿಕ್ಕಮ್ಮ. ಜಿಪ್ ಫೈಲ್ ಇದ್ದಂಗೆ. ಬಿಚ್ಚಿದ್ರೆ ಅಷ್ಟಿರುತ್ತೆ."

ಅವಳು ನಕ್ಕು ಬರ್ಕೊಂಡ್ಲು. ಪೆದ್ದಮ್ಮನೂ ನಾವು ನಗ್ತಿರೋದು ನೋಡಿ ನಕ್ಕು ಏನೋ ಅಂದ್ರು, ನಾನು ಅಷ್ಟೊತ್ತಿಗೆ ಎರಡನೇ ಜೋಕ್ ಶುರು ಮಾಡಿದ್ದೆ. ಹತ್ತು ಎಣಿಸೋದಾ? ಎರಡಕ್ಕೇ ಬಾಯಿ ತೆಗ್ದಿದ್ದೆ.

ಉಳಿದ ಎರಡು ಮನೇಲೂ ಅದೇ ಕಥೆ. ಅಲ್ಲೂ ಪರ್ಲೇದು ಅಂದ್ರು, ಅಲ್ಲೂ ನಾನು ಹಬ್ಬದ ಅಡುಗೆ ಮಾಡ್ದೆ. ಬಸ್ಸಲ್ಲಿ ವಾಪಸ್ ಬರೋವಾಗ ಅಮ್ಮನವರ ಗುಡಿ ಇರೋ ಇಂದ್ರಕೀಲಾದ್ರಿ ಬೆಟ್ಟ ಕಾಣಿಸಿದ ತಕ್ಷಣ ಚಿಕ್ಕಮ್ಮ ಕಿಟಕಿಯಿಂದ್ಲೇ ಕೈ ಮುಗಿದ್ಲು. ನನ್ನ ಹೆಗಲ ಮೇಲೆ ಕೈ ಹಾಕಿ, ನೀನಿಲ್ದಿದ್ರೆ ಏನಾಗ್ತಿತ್ತೋ ಅಂದ್ಲು. ಬಹುಮಾನ ಅಂತ ನನ್ನನ್ನೂ ವಿಶಾಖಪಟ್ಟಣಕ್ಕೆ ಕರ್ಕೊಂಡು ಹೊರಟ್ಲು.

ಅವಳ ಆಫೀಸ್ ನಾಲ್ಕನೇ ಮಹಡಿ. ಕಿಟಕಿಯಿಂದ ಸಮುದ್ರ ಕಾಣುತ್ತೆ ಅಂತ ಅವಳು ಹೇಳಿದ್ದು ನಿಜ, ಎರಡು ಬಿಲ್ಡಿಂಗ್ ಮಧ್ಯೆ ರಿಬ್ಬನ್ ಅಗಲ. ನಾನು ಪಕ್ಕದ ಖುರ್ಚೀಲಿ ತಿರುಗ್ತಾ ಅವಳನ್ನೇ ನೋಡ್ದೆ. ಗೋಡೆ ಮೇಲೆ ಹಳದಿ ಚೀಟಿ ಅಂಟಿಸೋಳು, ಕಿತ್ತು ಬೇರೆ ಕಡೆ ಅಂಟಿಸೋಳು, ಆಮೇಲೆ ಕೂತು ಟಕಟಕ ಅಂತ ಕೋಡ್. ನನ್ನ ಒಂದೊಂದು ಸಾಲಿಗೂ ಒಂದೊಂದು ಚೀಟಿ. ಹಸಿರು ಬಣ್ಣದ ಚೀಟಿ, ಅಂದ್ರೆ ಖುಷಿ ವಿಷಯ. ಗೋಡೆ ತೋಟ ಆಗಿತ್ತು.

ಬುಧವಾರ ಮಧ್ಯಾಹ್ನ ಅವಳು ಸ್ಕ್ರೀನ್ ಕಡೆ ಬಗ್ಗಿ, "ವಿಚಿತ್ರ ನೋಡು" ಅಂದ್ಲು. ಮೂರು ಮನೆಯಿಂದ್ಲೂ ಫೋಟೋಗಳು ಬಂದಿದ್ವು. ಆದ್ರೆ ಅಂಚು ಶುರು ಆದಾಗ ಒಂದು, ಅರ್ಧ ಆದಾಗ ಒಂದು ಅಂತ ಬಿಡಿಬಿಡಿಯಾಗಿ ಬರ್ಬೇಕಾಗಿದ್ದು, ಎಲ್ಲಾ ಸಾಯಂಕಾಲ ಆರು ಗಂಟೆಗೆ ಒಟ್ಟಿಗೇ ಬಂದಿವೆ. ಹತ್ತಾರು ಫೋಟೋ, ಎಲ್ಲಾ ಒಂದೇ ಥರ. "ಮಗ್ಗ ಹಗುರ ಆಗೋವಷ್ಟು ಇಷ್ಟ ಅಂದ್ರೆ, ಹಗಲೆಲ್ಲ ಯಾಕೆ ಮುಟ್ಟಲ್ಲ?" ಅವಳಿಗೆ ನನ್ನ ಮೇಲೆ ಅನುಮಾನ ಇರ್ಲಿಲ್ಲ. ಅದೇ ಕಷ್ಟ ಆಗಿದ್ದು. ಅವಳ ಕಣ್ಣಲ್ಲಿ ಇದ್ದಿದ್ದು ಬರೀ ಕುತೂಹಲ, ಗಡಿಯಾರ ಬಿಚ್ಚಿ ಕೂತ ಮಕ್ಕಳ ಥರ. ಮರೆತು ಹೋಗ್ತಾರೇನೋ, ಅಷ್ಟು ಇಷ್ಟ ಪಟ್ಟಿರೋರಿಗೆ ದಿನಕ್ಕೆ ಐದು ಸಲ ನೆನಪು ಮಾಡೋ ಗಂಟೆ ಇಟ್ರೆ ಖುಷಿ ಪಡ್ತಾರೆ ಅಂತ ಯೋಚಿಸಿ, ಅದನ್ನ ಅಲ್ಲೇ ಬರೆಯೋಕೂ ಶುರು ಮಾಡಿದ್ಲು.

ಆಮೇಲೆ ಶುಕ್ರವಾರ ತೋರಿಸೋ ಸ್ಲೈಡ್ ತೆರೆದ್ಲು. ಮೊದಲನೇದ್ರಲ್ಲೇ, ಪೂರ್ತಿ ಪರದೆ ತುಂಬ, ನನ್ನ ತಲೆಯಷ್ಟು ದೊಡ್ಡ ಅಕ್ಷರದಲ್ಲಿ ಇಂಗ್ಲಿಷಲ್ಲಿ ಬರೆದಿದ್ಲು: ಇದು ಬಂದ ಮೇಲೆ ಮಗ್ಗವೇ ಹಗುರವಾಗಿದೆ. ಕೆಳಗೆ: ನೇಕಾರ ಮಹಿಳೆ, ಮಂಗಳಗಿರಿ.

ಮೊದ್ಲ ಒಂದು ಸೆಕೆಂಡ್ ನನಗೆ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಒಳ್ಳೇ ಸಾಲು. ಎರಡನೇ ಸೆಕೆಂಡಿಗೆ ಕೆಳಗಿದ್ದ ನೇಕಾರ ಮಹಿಳೆ ಅನ್ನೋದನ್ನ ಮತ್ತೆ ಓದಿದೆ. ಆ ಸಾಲಿನ ಕೆಳಗೆ ನನ್ನ ಹೆಸರು ಇರ್ಬೇಕಾಗಿತ್ತು.

ರೆಕಾರ್ಡಿಂಗ್ ಕೇಳ್ತೀನಿ ಅಂತ ಇಯರ್‌ಫೋನ್ ಇಸ್ಕೊಂಡೆ. ಆಸೆ ಏನಂದ್ರೆ, ಪೆದ್ದಮ್ಮ ನಾನು ಹೇಳಿದ್ದಕ್ಕೆ ಹತ್ತಿರದ್ದು ಏನಾದ್ರೂ ಅಂದಿರ್ಬಹುದು, ನಾನೇ ಮರ್ತಿರ್ಬಹುದು ಅಂತ. ಲಾಳಿ ಸದ್ದು. ನನ್ನ ಪ್ರಶ್ನೆ. ಪರ್ಲೇದಮ್ಮಾ. ತಕ್ಷಣ ನನ್ನ ಗಂಟಲು, ಮದುವೆ ಮನೆ ಮೈಕ್ ಥರ. ಜಿಪ್ ಫೈಲ್ ಜೋಕ್. ನಗು. ಆ ನಗುವಿನ ಕೆಳಗೆ, ತುಂಬ ಕೆಳಗೆ, ಪೆದ್ದಮ್ಮನ ದನಿ ಇತ್ತು. ನಾಲ್ಕು ಸಲ ಹಿಂದೆ ಮುಂದೆ ಮಾಡಿ ಕೇಳ್ದೆ. ಫೋಟೋಗೋಸ್ಕರ ಪ್ರತಿ ಸಲ ಗುಂಡಿಯಿಂದ ಎದ್ದು ಬರೋಷ್ಟರಲ್ಲಿ ಮೊಣಕಾಲು ಹೋಗುತ್ತೆ, ನೀವು ಇಷ್ಟು ದೂರ ಬಂದಿದೀರ, ಏನ್ ಹೇಳ್ಲಿ ಅಂತಿದ್ರು. ಹೆಚ್ಚುಕಡಿಮೆ ಏಳು ಎಣಿಸೋ ಹೊತ್ತಿಗೆ ಸರಿಯಾಗಿ.

ಆಗ ನನಗೆ ಇನ್ನೊಂದು ಹೊಳೀತು. ಪರ್ಲೇದು ಅಂದ್ರೆ ಏನು ಅಂತ ಒಂಬತ್ತು ವರ್ಷದಿಂದ ತೆಲುಗಲ್ಲಿ ಗೊತ್ತಿತ್ತು, ಅದು ನಮ್ಮ ಮನೇಲೇ ಓಡಾಡ್ಕೊಂಡಿದೆ ಅಂತ ಗೊತ್ತಿರ್ಲಿಲ್ಲ. ಪರವಾಗಿಲ್ಲ. ಅದೇ ಪದ. ಅಮ್ಮ ಮಾಡಿದ ಉಪ್ಪಿಟ್ಟಿಗೆ ಅಪ್ಪ ಹೇಳೋ ಪರವಾಗಿಲ್ಲ. ಬಸ್ಸಲ್ಲಿ ಯಾರೋ ಕಾಲು ತುಳಿದಾಗ ಅಮ್ಮ ಹಲ್ಲು ಕಚ್ಕೊಂಡು ಹೇಳೋ ಪರವಾಗಿಲ್ಲ. ಚೆನ್ನಾಗಿದೆ ಅಂತಾನೂ ಆಗುತ್ತೆ, ನೋಯ್ತಿದೆ ಆದ್ರೆ ನಿಮಗೆ ಬೇಜಾರಾಗೋದು ಬೇಡ ಅಂತಾನೂ ಆಗುತ್ತೆ. ತಲೆ ಮೇಲೆ ರೈಟ್ ಮಾರ್ಕ್ ಇದ್ದ ಮಾತ್ರಕ್ಕೆ ಉತ್ತರ ಸರಿ ಅಂತೇನಿಲ್ಲ.

ಸಾಯಂಕಾಲ ಬೀಚ್‌ಗೆ ಕರ್ಕೊಂಡು ಹೋದ್ಲು. ಅಲ್ಲಿ ಮುರಿ ಮಿಕ್ಸ್‌ಚರ್ ಅಂತ ಮಾರ್ತಾರೆ, ನಮ್ಮೂರಿನ ಮಂಡಕ್ಕಿನೇ, ಸಮುದ್ರದ ಗಾಳಿಗೆ ಸ್ವಲ್ಪ ಮೆತ್ತಗಾಗಿರುತ್ತೆ. ದಾವಣಗೆರೆಯೋಳಿಗೆ ಮೆತ್ತನೆ ಮಂಡಕ್ಕಿ ಕೊಟ್ರೆ ಅವಮಾನ ಅಂತ ಚಿಕ್ಕಮ್ಮ ದಿನಾ ಬೈತಾಳಂತೆ, ದಿನಾ ತಿಂತಾಳಂತೆ. ಅವತ್ತು ನನ್ನ ಪೊಟ್ಟಣ ಹಾಗೇ ಇತ್ತು. ನಾನು ತಿನ್ನದೆ ಕೂತಿರೋದು ನೋಡಿ ಜ್ವರ ಬಂತಾ ಅಂತ ಹಣೆ ಮುಟ್ಟಿ ನೋಡಿದ್ಲು.

ನಾನು ಹೇಳ್ದೆ. ಒಗ್ಗರಣೆ ಇಲ್ಲದೆ ಮಾತಾಡಿದ್ದು ಅದೇ ಮೊದ್ಲು ಅನ್ಸುತ್ತೆ. ಮೂರು ಸಾಲೂ ನಂದೇ, ಉಳಿದ ಮನೆಗಳದ್ದೂ ನಂದೇ. ಎಲ್ರೂ ಅಂದಿದ್ದು ಪರವಾಗಿಲ್ಲ ಅಂತ ಮಾತ್ರ. ಅದಾದ ಮೇಲೆ ಪೆದ್ದಮ್ಮ ಮೊಣಕಾಲಿನ ಬಗ್ಗೆ ಹೇಳಿದ್ರು, ನಾನು ಅವರ ಮೇಲೆ ಮಾತಾಡ್ಬಿಟ್ಟೆ.

ಚಿಕ್ಕಮ್ಮ ನನ್ನ ಕಡೆ ತಿರುಗ್ಲೇ ಇಲ್ಲ. ಎದ್ದು ಸೀರೆಗೆ ಅಂಟಿದ್ದ ಮರಳು ಕೊಡವಿ, ಸಾರ್‌ಗೆ ಫೋನ್ ಮಾಡಿದ್ಲು. ಕೇಳಿದ್ದು ತಪ್ಪಾಗಿದೆ, ಸೋಮವಾರದವರೆಗೆ ಟೈಮ್ ಬೇಕು ಅಂದ್ಲು. ನನ್ನ ಹೆಸರು ಎತ್ಲಿಲ್ಲ. ಆ ಕಡೆಯಿಂದ ತುಂಬ ಹೊತ್ತು ಮಾತು ಬಂತು. ಫೋನ್ ಇಟ್ಟು, "ಸೋಮವಾರಾನೂ ಸರಿ ಹೋಗ್ಲಿಲ್ಲ ಅಂದ್ರೆ ಜನರ ಹತ್ರ ಹೋಗೋದು ಬಿಟ್ಟು ಕೋಡ್ ಮಾತ್ರ ಬರೀಬೇಕಂತೆ" ಅಂದ್ಲು. ಅವಳು ಹೆದರಿದ್ದೂ ಅದಕ್ಕೇ. ಜನರನ್ನ ನೋಡೋದು ನಿಂತ್ರೆ ಅವಳು ಮತ್ತೆ ಮೂರು ದಿನ ಇಲ್ಲದ ತಪ್ಪು ಹುಡುಕ್ತಾ ಕೂತ್ಕೋಬೇಕು.

ಮಾರನೇ ದಿನ ರೈಲಲ್ಲಿ ಆರು ಗಂಟೆ. ಇಬ್ರೂ ಮಾತಾಡ್ಲಿಲ್ಲ. ತುನಿ ಸ್ಟೇಷನ್ನಲ್ಲಿ ಎದುರಿಗೆ ಕೂತಿದ್ದ ಮಾಮ, ಅಮ್ಮಾಯಿಗೆ ಮಾತು ಬರಲ್ವಾ ಅಂತ ಮರುಕದಿಂದ ಕೇಳಿದ್ರು. ನಾನು ಹುಟ್ಟಿದಾಗಿಂದ ಯಾರೂ ಕೇಳಿರದ ಪ್ರಶ್ನೆ.

ಶುಕ್ರವಾರ ಬೆಳಿಗ್ಗೆ ಮತ್ತೆ ಪೆದ್ದಮ್ಮನ ಮನೆ. ಈ ಸಲ ಚಿಕ್ಕಮ್ಮ ಹೆಂಗನ್ಸುತ್ತೆ ಅಂತ ಕೇಳ್ಲೇ ಇಲ್ಲ. ನಿನ್ನೆ ಫೋಟೋ ಕಳಿಸಿದ್ರಲ್ಲ, ಅದನ್ನ ಹೆಂಗೆ ಕಳಿಸಿದ್ರಿ, ಒಂದು ಸಲ ಮಾಡಿ ತೋರಿಸ್ತೀರಾ ಅಂತ ಕೇಳಿಸಿದ್ಲು. ನಾನು ಅಷ್ಟನ್ನೇ ತೆಲುಗಲ್ಲಿ ಹೇಳಿ ಬಾಯಿಗೆ ಬೀಗ ಹಾಕ್ಕೊಂಡೆ.

ಪೆದ್ದಮ್ಮ ಹಗ್ಗ ಬಿಟ್ರು. ಲಾಳಿ ಒಂದು ಕಡೆ ಇಟ್ರು. ಎರಡೂ ಅಂಗೈ ನೆಲಕ್ಕೆ ಊರಿದ್ರು. ಒಂದು ಕಾಲು ಮೇಲೆ ತಂದ್ರು, ಸ್ವಲ್ಪ ಹೊತ್ತು ಹಾಗೇ ಇದ್ರು, ಇನ್ನೊಂದು ತಂದ್ರು. ಕಂಬ ಹಿಡ್ಕೊಂಡು ಎದ್ರು. ಸೆರಗಲ್ಲಿ ಕೈ ಒರೆಸ್ಕೊಂಡ್ರು. ಗೂಡಿನ ತನಕ ನಡೆದು ಫೋನ್ ತೆಗೆದ್ರು. ಇಷ್ಟೂ ಆಗಿದ್ದು ಒಂದು ಫೋಟೋಗೆ. ನಾನು ಎಣಿಸ್ತಾನೇ ಇದ್ದೆ, ಹತ್ತು ಆಗಿ ನಲವತ್ತು ಆಗಿ ಎಣಿಕೆ ತಪ್ಪಿಹೋಯ್ತು. ಇದ್ರಲ್ಲಿ ಒಂದೂ ಉದ್ದ ಮಾಡಿ ಹೇಳ್ತಿಲ್ಲ. ಬೇಕಾಗಿಲ್ಲ.

ಚಿಕ್ಕಮ್ಮ ನಾನೂ ಒಂದ್ಸಲ ಕೂರ್ಲಾ ಅಂತ ಕೇಳಿ ಗುಂಡಿಗೆ ಇಳಿದ್ಲು. ಇಳಿಯೋದು ಸುಲಭ ಇತ್ತು. ಏಳೋಕೆ ಹೋಗಿ ಮಂಡಿ ನೆಲಕ್ಕೆ ಬಡ್ಕೊಂಡ್ಲು, ನಾನೊಂದು ಕಡೆ ಪೆದ್ದಮ್ಮ ಒಂದು ಕಡೆ ಎಳೆದ್ವಿ. ಪೆದ್ದಮ್ಮ ಸೆರಗು ಬಾಯಿಗೆ ಇಟ್ಕೊಂಡು ನಕ್ಕಿದ್ದು ಆ ವಾರದ ಮೊದಲ ನಿಜವಾದ ನಗು. ಅದಾದ ಮೇಲೆ ಅವರೇ ಮಾತಾಡಿದ್ರು. ನಾನು ದಿನಕ್ಕೆ ಮೂರೇ ಸಲ ಏಳೋದಮ್ಮ, ಟೀಗೆ, ಊಟಕ್ಕೆ, ಸಂಜೆ ದೀಪಕ್ಕೆ. ಆಗ ಕೇಳಿದ್ರೆ ಕಳಿಸ್ತೀನಿ. ಮಧ್ಯ ಕೇಳ್ಬೇಡಿ. ನಾನು ಅದನ್ನ ಅಷ್ಟೇ ಉದ್ದಕ್ಕೆ ಕನ್ನಡಕ್ಕೆ ತಂದೆ, ಒಂದು ದಾರ ಹೆಚ್ಚಿಲ್ಲ.

ಮಧ್ಯಾಹ್ನ ಪಟಮಟದಲ್ಲಿ, ಅಮ್ಮ ಒಂದು ಕಡೆ ಸೊಪ್ಪು ಬಿಡಿಸ್ತಾ, ಅದೇ ಊಟದ ಟೇಬಲ್ ಮೇಲೆ ಚಿಕ್ಕಮ್ಮ ಕೋಡ್ ಬದ್ಲಾಯಿಸಿದ್ಲು. ದಿನಕ್ಕೆ ಐದು ಸಲ ಬಡಿಯೋ ಗಂಟೆ ಹೋಯ್ತು. ಅಂಚು, ಸೆರಗು ಅಂತ ಹಂತಹಂತವಾಗಿ ಕೇಳೋದು ಹೋಯ್ತು. ಟೀ, ಊಟ, ದೀಪ, ಮೂರೇ ಚಿತ್ರ, ಒಂದೊಂದು ಸಲ ಏಳೋದಕ್ಕೆ ಒಂದು. ಸಂಜೆ ಐದಕ್ಕೆ ಮತ್ತೆ ಮಂಗಳಗಿರಿ, ಮೂರೂ ಮನೆಗೆ. ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ಫೋನಲ್ಲಿ ಬಂದಿರೋದು ನೋಡಿ ಪೆದ್ದಮ್ಮ, ದೀಪದ ಚಿತ್ರದ ಮೇಲೆ ಬೆರಳಿಟ್ಟು, ಇದನ್ನ ಯಾರು ಮಾಡಿದ್ದು ಅಂತ ಕೇಳಿದ್ರು. ಇವಳೇ ಅಂದೆ. ಕೇಳೋಕೆ ಬಂದಿದ್ದೂ ಇವಳೇ ಅಲ್ವಾ ಅಂದ್ರು. ಹೂಂ, ಎರಡೂ ಇವಳೇ. ಅವರು ಚಿಕ್ಕಮ್ಮನ ಕೈ ತಿರುಗಿಸಿ ನೋಡಿದ್ರು, ದಾರ ನೋಡೋ ಥರ.

ಎರಡು ದೋಣಿ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತ್ತು. ಆದ್ರೆ ಸಾರ್ ಅಲ್ಲಿರ್ಲಿಲ್ಲ.

ಭಾನುವಾರ ಅವಳನ್ನ ರೈಲು ಹತ್ಸೋಕೆ ಹೋಗಿದ್ದೆ. ವಾಪಸ್ ಬಂದಾಗಿಂದ ಕೇಳ್ಬೇಕು ಅಂತಿದ್ದಿದ್ದನ್ನ ಪ್ಲಾಟ್‌ಫಾರ್ಮಲ್ಲಿ ಕೇಳ್ದೆ. "ನನ್ಮೇಲೆ ಸಿಟ್ಟು ಇದೆಯಾ ಚಿಕ್ಕಮ್ಮ?"

"ಪರವಾಗಿಲ್ಲ ಬಿಡೇ," ಅಂದ್ಲು.

ನಾನು ಎಣಿಸೋಕೆ ಶುರು ಮಾಡ್ದೆ. ಒಂದು. ಎರಡು. ಟೀ ಮಾರೋರು ಹೋದ್ರು. ನಾಲ್ಕು. ಅವಳು ಬ್ಯಾಗಿನ ಜಿಪ್ ಹಾಕಿ, ತೆಗ್ದು, ಮತ್ತೆ ಹಾಕಿದ್ಲು. ಏಳಕ್ಕೆ ಬಾಯಿ ಬಿಟ್ಲು.

"ಸಿಟ್ಟು ಬಂದಿತ್ತು. ನಿನ್ಮೇಲೆ ಅರ್ಧ. ಅವರು ಒಂದೇ ಪದ ಅಂದಿದ್ದು ನನ್ನ ಕಿವಿಗೂ ಬಿದ್ದಿತ್ತಲ್ಲ. ಮೂರು ಸಾಲು ಬೇಕಾಗಿತ್ತು ನಂಗೆ, ಅದಕ್ಕೇ ಬರ್ಕೊಂಡೆ. ಆ ಅರ್ಧ ನನ್ಮೇಲೆ."

ಅಮ್ಮ ಕಟ್ಟಿಕೊಟ್ಟ ಗರಿಗರಿ ಮಂಡಕ್ಕಿ ಡಬ್ಬಿ ಅವಳ ಕೈಗೆ ಕೊಟ್ಟೆ. ಅಲುಗಾಡಿಸಿ ಸದ್ದು ಕೇಳಿ, ಹೌದು ಇದು ಮಂಡಕ್ಕಿ ಅಂದ್ಲು.

ಸೋಮವಾರ ಹತ್ತು ಗಂಟೆಯಿಂದ ನಾನು ಫೋನ್ ಪಕ್ಕ ಕೂತಿದ್ದೆ. ಅಮ್ಮ ಎರಡು ಸಲ ನನ್ನ ಹಣೆ ಮುಟ್ಟಿ ಹೋದ್ಲು, ಈ ಮನೇಲಿ ನಾನು ಸುಮ್ನಿದ್ರೆ ಎಲ್ರೂ ಹಣೆ ಮುಟ್ತಾರೆ. ಮಧ್ಯಾಹ್ನ ಫೋನ್ ಬಂತು. ಸ್ಲೈಡಲ್ಲಿ ನನ್ನ ಸಾಲು ಇದ್ದ ಜಾಗದಲ್ಲಿ ಪರ್ಲೇದು ಅಂತ ಒಂದೇ ಪದ ಹಾಕಿದ್ಲಂತೆ. ಅದರ ಕೆಳಗೆ ಅದನ್ನ ತಪ್ಪಾಗಿ ಕೇಳಿಸ್ಕೊಂಡಿದ್ದು, ಆಮೇಲೆ ಪೆದ್ದಮ್ಮ ಎದ್ದೇಳೋದು, ಟೀ ಊಟ ದೀಪ, ಎಲ್ಲ. ಬೆಳಿಗ್ಗೆ ಕೇಳಿ ಸಂಜೆ ಮಾಡಿಕೊಟ್ಟಿದ್ದು. ಶನಿವಾರ, ಭಾನುವಾರ ಮೂರು ಮನೆಯಿಂದ್ಲೂ ಫೋಟೋ ಮೂರು ಹೊತ್ತಿಗೆ ಬಿಡಿಬಿಡಿಯಾಗಿ ಬಂದಿದ್ದು.

"ಸಾರ್ ಏನಂದ್ರು?"

"ಪೂರ್ತಿ ನೋಡಿದ್ರು ಕಣೇ. ಕನ್ನಡಕ ತೆಗೆದ್ರು. ಪರ್ಲೇದು ಅಂದ್ರು."

"ಅಷ್ಟೇನಾ?"

"ಅಷ್ಟೇ. ನೀನೇ ದುಭಾಷಿ, ಹೇಳು. ಹಂಗಂದ್ರೆ ಏನು?"

ಹಿಂದಿನ ವಾರ ಆಗಿದ್ರೆ ಅಲ್ಲೇ ಮೂರು ಸಾಲು ಬಡಿಸಿರ್ತಿದ್ದೆ, ಜೊತೆಗೆ ಹಪ್ಪಳ. ನಾಲಿಗೆ ತುದಿವರೆಗೂ ಬಂದಿತ್ತು. ನುಂಗಿದೆ.

"ಗೊತ್ತಿಲ್ಲ ಚಿಕ್ಕಮ್ಮ. ನೀನು ಹತ್ತು ಎಣಿಸಿದ್ಯಾ?"

ಆ ಕಡೆ ಅವಳು ನಗ್ತಿರೋದು ಕೇಳಿಸ್ತು.

"ಎಣಿಸಿದೆ. ಒಂಬತ್ತಕ್ಕೆ ಹೇಳಿದ್ರು. ಎರಡೂ ನೀನೇ ಇಟ್ಕೋ, ಆದ್ರೆ ಮುಂದಿನ ಸಲ ದುಭಾಷಿನ ಬದಲಾಯಿಸು ಅಂದ್ರು."